ಹೇಳಿಕೊಳ್ಳಲಾಗದ ಅವಸರ

ಮಂಡಿನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಕುರಿತು ನಾವು ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತೂ ಮಾತನಾಡುತ್ತೇವೆ. ಮೂತ್ರವನ್ನು ತಡೆದುಕೊಳ್ಳಲಾಗದ ತೊಂದರೆಯನ್ನು ಮಾತ್ರ ಹೆತ್ತ ಮಕ್ಕಳಿಗೂ ತಿಳಿಸದೆ ವರ್ಷಗಟ್ಟಲೆ ನುಂಗಿಕೊಂಡಿರುತ್ತೇವೆ.

ವೈದ್ಯರು ಇದನ್ನು 'ಓವರ್ ಆಕ್ಟಿವ್ ಬ್ಲಾಡರ್' ಎನ್ನುತ್ತಾರೆ. ಆರೋಗ್ಯವಂತರ ಮೂತ್ರಕೋಶವು ಸುಮಾರು 400ರಿಂದ 500 ಮಿಲಿಲೀಟರಿನಷ್ಟು ಹಿಡಿಯಬಲ್ಲದು. ಈ ತೊಂದರೆಯುಳ್ಳವರಲ್ಲಿ ಕೋಶವು ತುಂಬುವ ಮೊದಲೇ ಅದರ ಸ್ನಾಯುವು ಅಕಾಲದಲ್ಲಿ ಸಂಕುಚಿಸಿ, ತಡೆಯಲಾರದ ಅವಸರವನ್ನು ಉಂಟುಮಾಡುತ್ತದೆ. ಹಗಲು ಹಲವು ಬಾರಿ, ರಾತ್ರಿಯೂ ಏಳಬೇಕಾಗುತ್ತದೆ. ಕೆಲವರಿಗೆ ಬಚ್ಚಲನ್ನು ತಲುಪುವಷ್ಟು ವ್ಯವಧಾನವೂ ಇರುವುದಿಲ್ಲ.

ನಮ್ಮ ತಾಯಿಯವರಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಇದು ಕಾಣಿಸಿಕೊಂಡಿತು. ಅವರು ಮೊದಲು ಬಿಟ್ಟದ್ದು ಬಸ್ಸಿನ ಪ್ರಯಾಣವನ್ನು. ಅನಂತರ ಮಠದ ಪ್ರವಚನವನ್ನು. ಬಾಯಾರಿದರೂ ನೀರು ಕುಡಿಯಲು ಅಂಜುತ್ತಿದ್ದರು. ಕೊನೆಗೆ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದನ್ನೂ ನಿಲ್ಲಿಸಿದರು. ಕಾರಣ ಕೇಳಿದಾಗ, "ಇಂಥ ಮೈಯಲ್ಲಿ ಲಿಂಗವನ್ನು ಹೇಗಪ್ಪಾ ಹಿಡಿಯಲಿ?" ಎಂದರು. ಪಂಚಸೂತಕಗಳನ್ನೇ ನಿರಾಕರಿಸಿದ ಶರಣರ ಧರ್ಮದಲ್ಲಿ ಬಾಳಿದ ತಾಯಿಗೆ ಈ ಕಾಯಿಲೆಯು ತನ್ನ ಕಾಯವೇ ಮೈಲಿಗೆಯೆಂಬ ಭಾವನೆಯನ್ನು ತಂದಿತ್ತು. ರೋಗದ ನಿಜವಾದ ಪೆಟ್ಟು ಇದೇ ಎಂದು ನಮಗನ್ನಿಸಿತು.

ವೈದ್ಯರು ಮೂತ್ರವನ್ನೂ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿ, ಸೋಂಕಾಗಲಿ ಮಧುಮೇಹವಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡರು. ಮೂರು ದಿನ ಕುಡಿದದ್ದೆಷ್ಟು, ಎದ್ದದ್ದೆಷ್ಟು ಸಲ ಎಂದು ಬರೆದಿಡಲು ಹೇಳಿದರು. ಮಾತ್ರೆಗೆ ಮೊದಲು ಅಭ್ಯಾಸವೇ ಚಿಕಿತ್ಸೆ. ಕಾಫಿ, ಚಹಾ ಕಡಿಮೆಯಾದವು. ನೀರನ್ನು ಬಿಡಬಾರದು, ಗಾಢವಾದ ಮೂತ್ರವೇ ಕೋಶವನ್ನು ಕೆರಳಿಸುವುದೆಂದು ತಿಳಿಯಿತು. ಅವಸರವಾದೊಡನೆ ಓಡದೆ, ಮೊದಲು ಐದು ನಿಮಿಷ, ಬಳಿಕ ಹತ್ತು ನಿಮಿಷ ತಡೆಯುವ ರೂಢಿಯನ್ನು ವಾರಗಟ್ಟಲೆ ಬೆಳೆಸಬೇಕು. ಜೊತೆಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ. ಅಮೆರಿಕದ ವೈದ್ಯ ಅರ್ನಾಲ್ಡ್ ಕೇಗಲ್ 1948ರಲ್ಲಿ ಇದನ್ನು ಪ್ರಚಾರಕ್ಕೆ ತಂದರು.

ಇಷ್ಟರಿಂದ ಸಾಲದವರಿಗೆ ಮಾತ್ರೆಗಳಿವೆ. ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್‌ನಂಥವು ಬಾಯಿಯನ್ನು ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ. ವೃದ್ಧರಲ್ಲಿ ಬುದ್ಧಿಗೆ ಮಂಕು ಕವಿಸುವುದೂ ಉಂಟು. ಆದ್ದರಿಂದ ತಾಯಿಯವರಿಗೆ ಮಿರಾಬೆಗ್ರಾನ್ ಕೊಟ್ಟರು. ಅದು ರಕ್ತದೊತ್ತಡವನ್ನು ಏರಿಸಬಹುದಾದ ಕಾರಣ ಆಗಾಗ ಒತ್ತಡವನ್ನು ನೋಡಿಸಬೇಕು. ಮಾತ್ರೆಗೂ ಬಗ್ಗದಿದ್ದಲ್ಲಿ ಮೂತ್ರಕೋಶಕ್ಕೆ ಬೊಟುಲಿನಮ್ ಚುಚ್ಚುಮದ್ದು, ನರಗಳ ಪ್ರಚೋದನೆ ಮುಂತಾದ ಉಪಾಯಗಳೂ ಇವೆ.

ಮೂರು ತಿಂಗಳಲ್ಲಿ ತಾಯಿಯವರು ಪೂರ್ಣ ಗುಣವಾದರೆಂದು ಹೇಳಲಾರೆವು. ರಾತ್ರಿ ನಾಲ್ಕು ಬಾರಿ ಏಳುತ್ತಿದ್ದವರು ಒಮ್ಮೆ ಏಳುವಂತಾದರು. ಅಷ್ಟರಿಂದಲೇ ನಿದ್ರೆ ಮರಳಿತು, ಪೂಜೆ ಮರಳಿತು, ಮೊಮ್ಮಗಳ ನಿಶ್ಚಿತಾರ್ಥಕ್ಕೆ ಊರಿಗೆ ಹೋಗುವ ಧೈರ್ಯವೂ ಬಂದಿತು.

ಬಸವಣ್ಣನವರು ದೇಹವನ್ನೇ ದೇಗುಲವಾಗಿ ಕಂಡವರು. ದೇಗುಲದ ಮಾಡು ಸೋರಿದರೆ ಯಾರೂ ನಾಚಿ ಬಾಗಿಲು ಹಾಕುವುದಿಲ್ಲ, ದುರಸ್ತಿ ಮಾಡಿಸುತ್ತಾರೆ. ಮನೆಯ ಹಿರಿಯರು ಪ್ರಯಾಣವನ್ನೂ ಪೂಜೆಯನ್ನೂ ಕಾರಣ ಹೇಳದೆ ಬಿಡತೊಡಗಿದರೆ, ಮಕ್ಕಳೂ ಸೊಸೆಯಂದಿರೂ ಹತ್ತಿರ ಕುಳಿತು ಮೆಲ್ಲನೆ ಕೇಳಬೇಕು. ಮೂತ್ರದಲ್ಲಿ ರಕ್ತ ಕಂಡರಂತೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇದೂ ಒಂದು ದಾಸೋಹವೇ.