ವಜ್ರದ ಹಿಡಿಯ ಕತ್ತಿ

ಸ್ಯಾಂ-ತ್ರೊಪೆಗೆ ರೈಲಿಲ್ಲ. ಸ್ಯಾಂ-ರಾಫಾಯೆಲ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು, ಇಲ್ಲವೇ ದೋಣಿ. ಬೇಸಿಗೆಯಲ್ಲಿ ಆ ರಸ್ತೆ ಕಾರುಗಳಿಂದ ಕಟ್ಟಿಕೊಂಡು ಬಿಟ್ಟಿರುತ್ತದೆ ಅಂತ ದೋಣಿಯನ್ನೇ ಹತ್ತಿದೆವು. ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಬೆಳೆದವನಿಗೆ ಅಷ್ಟು ನೀರನ್ನು ಒಟ್ಟಿಗೆ ನೋಡುವುದೆಂದರೆ ಇವತ್ತಿಗೂ ಸ್ವಲ್ಪ ಅನುಮಾನವೇ. ನೀರು ಕಂಡರೆ ಮೊದಲು ಕೊಡ ನೆನಪಾಗುವ ಸೀಮೆ ನಮ್ಮದು.

ದಡದಲ್ಲಿ ಕೋಟ್ಯಧೀಶರ ವಿಹಾರನೌಕೆಗಳು ಸಾಲುಗಟ್ಟಿ ನಿಂತಿದ್ದವು. ಅವುಗಳ ಎದುರು ಐಸ್‌ಕ್ರೀಮ್ ತಿನ್ನುತ್ತ ಅವನ್ನೇ ನೋಡುವ ಜನ. ಈ ಎರಡು ಪಂಗಡಕ್ಕೂ ಸಂಬಂಧವಿಲ್ಲದವನಂತೆ ಕಂಚಿನ ಮನುಷ್ಯನೊಬ್ಬ ಬಂದರಿನ ಕಟ್ಟೆಯ ಮೇಲೆ ನಿಂತಿದ್ದ. 1866ರಿಂದ ಅಲ್ಲೇ ಇದ್ದಾನೆ. ಜೊತೆಗಿದ್ದ ಅಕ್ಕನ ಮಗ ಮೇಲೆ ಕೆಳಗೆ ನೋಡಿ ಕೇಳಿದ: "ಮಾಮಾ, ಈ ಡುಮ್ಮನ್ನ ನೋಡಾಕ ಬಳ್ಳಾರಿಯಿಂದ ಬಂದ್ರೇನು?"

ಹೌದು, ಅವನನ್ನೇ. ಫ್ರೆಂಚ್ ನೌಕಾಧಿಪತಿ ಪಿಯೆರ್ ಆಂದ್ರೆ ದ ಸುಫ್ರೆನ್. ಹುಟ್ಟಿದ್ದು 1729ರಲ್ಲಿ, ಇದೇ ಪ್ರೊವಾನ್ಸ್ ಸೀಮೆಯ ಸ್ಯಾಂ-ಕನಾದಲ್ಲಿ. ಸ್ಯಾಂ-ತ್ರೊಪೆ ಅವರ ಮನೆತನದ ಜಹಗೀರು. ಮೈ ದಪ್ಪ, ಉಡುಪಿನ ಮೇಲೆ ಗಮನವೇ ಇಲ್ಲ. 1783ರಲ್ಲಿ ಶ್ರೀಲಂಕಾದ ತಿರುಕೋಣಮಲೆಯಲ್ಲಿ ಅವನ ಸೆರೆಗೆ ಸಿಕ್ಕಿದ್ದ ವಿಲಿಯಂ ಹಿಕಿ ಎಂಬ ಇಂಗ್ಲಿಷ್ ವಕೀಲ, ಫ್ರಾನ್ಸಿನ ದಂಡನಾಯಕ ಅಂದರೆ ಏನೋ ಅಂದುಕೊಂಡು ಹೋದರೆ ಕಸಾಯಿ ಅಂಗಡಿಯವನಂಥ ಆಸಾಮಿ ಎದುರಾದ ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಅದೇ ಹಿಕಿ ಅವನ ಸೌಜನ್ಯವನ್ನೂ ಮೆಚ್ಚಿಕೊಂಡ.

ನನಗೆ ಇವನ ಗುರುತು ಹತ್ತಿದ್ದು ಹೈದರಾಲಿಯ ಕಡೆಯಿಂದ. 1782ರ ಜುಲೈ 26. ಇಂಗ್ಲಿಷರ ಮೇಲೆ ಯುದ್ಧ ಸಾರಿ ಎರಡು ವರ್ಷವಾಗಿದ್ದ ಹೈದರ್, ಈ ಮನುಷ್ಯನನ್ನು ನೋಡಲೆಂದೇ ತನ್ನ ದಂಡನ್ನು ಕಡಲೂರಿನ ಬಳಿಗೆ ತಂದು ಬೀಡುಬಿಟ್ಟಿದ್ದ. ಡೇರೆಯೊಳಗೆ ರತ್ನಗಂಬಳಿ ಹಾಸಿತ್ತು, ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರು. ಸುಫ್ರೆನ್ನನ ಹೊಟ್ಟೆ ಒಪ್ಪಲಿಲ್ಲ. ಅವನ ಪಾಡು ಕಂಡು ಹೈದರನೇ ದಿಂಬುಗಳನ್ನು ತರಿಸಿ, ರಿವಾಜು ಬಿಟ್ಟು ಹೇಗೆ ಬೇಕೋ ಹಾಗೆ ಕೂರಲು ಹೇಳಿದನಂತೆ. ಓದು ಬರಹ ಬಾರದ ನವಾಬ, ಕಾಲು ಮಡಚಲು ಬಾರದ ನೌಕಾಧಿಪತಿ. ಇಂಗ್ಲಿಷರಿಗೆ ಕೊನೆಗೂ ತಕ್ಕವನೊಬ್ಬ ಸಿಕ್ಕಿದ ಎಂದು ಹೈದರ್ ಹಿಗ್ಗಿದನೆಂದು ಫ್ರೆಂಚರು ಹೇಳಿಕೊಳ್ಳುತ್ತಾರೆ. ಅವರು ಹಾಗೆ ಹೇಳಿಕೊಳ್ಳದೆ ಇನ್ನೇನು! ಆದರೆ ಹೈದರನ ಆಸೆಗೆ ಕಾರಣವಿತ್ತು. ನೆಲದ ಮೇಲೆ ಇಂಗ್ಲಿಷರನ್ನು ಎಷ್ಟು ಸಲ ಸೋಲಿಸಿದರೂ ಅವರ ಅಕ್ಕಿ, ಮದ್ದು, ಸಿಪಾಯಿ ಎಲ್ಲ ಹಡಗಿನಲ್ಲಿ ಮದರಾಸಿಗೆ ಬಂದಿಳಿಯುತ್ತಿದ್ದವು. ಆ ಹಡಗುಗಳನ್ನು ತಡೆಯುವವರು ಅವನಿಗೆ ಬೇಕಿತ್ತು.

ಸುಫ್ರೆನ್ ತಡೆದನೇ? ಅಷ್ಟಿಷ್ಟು. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಜೊತೆ ಐದು ಸಲ ಕಾದಿದ. ಆ ಐದೂ ಕಾಳಗಗಳಲ್ಲಿ ಒಬ್ಬರ ದೊಡ್ಡ ಯುದ್ಧನೌಕೆ ಇನ್ನೊಬ್ಬರ ಕೈಗೆ ಸಿಗಲಿಲ್ಲ. ಸುಫ್ರೆನ್ನನ ಅರ್ಧ ಜಗಳ ತನ್ನದೇ ಕ್ಯಾಪ್ಟನ್ನರ ಜೊತೆ: ಹತ್ತಿರ ಹೋಗಿ ಹೊಡೆಯಿರಿ ಎಂದರೆ ದೂರದಲ್ಲೇ ನಿಂತು ಗುಂಡು ಹಾರಿಸುವ ಮಂದಿ. ಸೆಪ್ಟೆಂಬರ್ 3ರಂದು ತಿರುಕೋಣಮಲೆಯ ಹೊರಗೆ ಅವನ ಹಡಗು 'ಎರೋ'ದ ನಡುಗಂಬ ಮುರಿದು ಬಾವುಟ ಬಿತ್ತು. ಶರಣಾದರೆಂದು ಇಂಗ್ಲಿಷರು ಕೂಗತೊಡಗಿದಾಗ, ಇರುವ ಬಿಳಿ ಬಾವುಟಗಳನ್ನೆಲ್ಲ ತಂದು ಹಡಗಿನ ಸುತ್ತ ಕಟ್ಟಿ ಎಂದು ಅವನು ಅಬ್ಬರಿಸಿದ. ಆಗಿನ ಫ್ರೆಂಚ್ ರಾಜನ ಬಾವುಟದ ಬಣ್ಣವೇ ಬಿಳಿ. ಈ ಸಂಗತಿಯನ್ನು ಕಟ್ಟೆಯ ಮೇಲೆ ಕೂತು ಹೇಳುವಾಗ ಅಳಿಯ ಐಸ್‌ಕ್ರೀಮ್ ಮರೆತು ಕೇಳಿದ.

ಇನ್ನು ಕತ್ತಿ. ಶೌರ್ಯಕ್ಕೆ ಮೆಚ್ಚಿ ಸುಫ್ರೆನ್ನನಿಗೆ ಚಿನ್ನದ ಹಿಡಿಗೆ ವಜ್ರ ಕೂರಿಸಿದ ಕತ್ತಿಯನ್ನು ಕೊಟ್ಟವರು ಫ್ರೆಂಚರಲ್ಲ, ಡಚ್ಚರು. ಯಾಕೆಂದರೆ 1781ರ ಏಪ್ರಿಲ್ 16ರಂದು ಕೇಪ್ ವರ್ಡ್ ದ್ವೀಪದ ಪೋರ್ಟೊ ಪ್ರಾಯಾದಲ್ಲಿ ಲಂಗರು ಹಾಕಿದ್ದ ಇಂಗ್ಲಿಷ್ ಪಡೆಯ ಮೇಲೆ ಅವನು ಎರಗಿದ್ದರಿಂದ ಅವರ ದಾರಿ ತಡವಾಯಿತು, ಆಫ್ರಿಕದ ದಕ್ಷಿಣ ತುದಿಯಲ್ಲಿದ್ದ ಡಚ್ಚರ ಕೇಪ್ ವಸಾಹತು ಉಳಿಯಿತು. ಮರುವರ್ಷ ಇಂಗ್ಲಿಷರು ಕಸಿದಿದ್ದ ತಿರುಕೋಣಮಲೆಯನ್ನೂ ಮರಳಿ ಗೆದ್ದ. ಮೆಣಸು, ದಾಲ್ಚಿನ್ನಿ ಸಾಗಿಸುವ ವರ್ತಕರಿಗೆ ಈ ಎರಡು ಜಾಗ ಅಂದರೆ ಗಲ್ಲಾಪೆಟ್ಟಿಗೆಯ ಎರಡು ಬೀಗ. ಶಿಲ್ಪಿ ಊದೊನ್ ಕೆತ್ತಿದ ಅವನ ಎದೆಮಟ್ಟದ ಅಮೃತಶಿಲೆಯ ಮೂರ್ತಿಯೂ ಇವತ್ತು ಡಚ್ಚರ ದ ಹೇಗ್ ನಗರದಲ್ಲೇ ಇದೆ. ಆ ಕೊಬ್ಬಿದ ಕುತ್ತಿಗೆಯನ್ನು ಊದೊನ್ ಒಂದಿಷ್ಟೂ ತೆಳ್ಳಗೆ ಮಾಡಿಲ್ಲ.

ಇಂಥ ಕತ್ತಿ ಹೊಡೆದಾಟಕ್ಕಲ್ಲ. ಅಲಗು ಸಪೂರ, ಅಕ್ಕಸಾಲಿಗನ ಕೈಚಳಕವೆಲ್ಲ ಹಿಡಿಯಲ್ಲಿ. ದರ್ಬಾರಿನಲ್ಲಿ ಸೊಂಟಕ್ಕೆ ಕಟ್ಟಿದರೆ ಒರೆಯ ಹೊರಗೆ ಕಾಣಬೇಕಾದದ್ದು ಅದೊಂದೇ ತಾನೆ. ವಜ್ರ ಅಂದೊಡನೆ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವ ತನಕ ವಜ್ರಕರೂರು ಬಳ್ಳಾರಿ ಜಿಲ್ಲೆಯದೇ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಇವತ್ತಿಗೂ ಅಲ್ಲಿನ ಹೊಲಗಳಲ್ಲಿ ಜನ ತಲೆ ಬಗ್ಗಿಸಿಕೊಂಡು ಹರಳು ಹುಡುಕುತ್ತಾರೆ. ಆದರೆ ಸುಫ್ರೆನ್ನನ ಕಾಲಕ್ಕೆ ಬ್ರೆಜಿಲ್ಲಿನ ವಜ್ರ ಯುರೋಪಿನ ಪೇಟೆಯನ್ನು ತುಂಬಿತ್ತು. ಹಾಗಾಗಿ ಆ ಹಿಡಿಯ ಮೇಲೆ ನಾನು ಹಕ್ಕು ಸಾಧಿಸಲು ಹೋಗಲಿಲ್ಲ.

ಪ್ರೊವಾನ್ಸಿನವರು ತಮ್ಮ ಪಾಲಿಗೆ ಒಂದು ಪದಕ ಟಂಕಿಸಿದರು, 1784ರ ಇಸವಿ ಹಾಕಿ. ಕೇಪನ್ನು ಕಾಪಾಡಿದ್ದು, ತಿರುಕೋಣಮಲೆ ಗೆದ್ದದ್ದು, ಕಡಲೂರನ್ನು ಬಿಡಿಸಿದ್ದು, ಇಂಡಿಯಾವನ್ನು ರಕ್ಷಿಸಿದ್ದು, ಆರು ಕಾಳಗ ಎಲ್ಲವೂ ಅದರ ಮೇಲಿದೆ. ಇಂಡಿಯಾವನ್ನು ರಕ್ಷಿಸಿದ್ದು ಎಂಬಲ್ಲಿ ನನ್ನ ಗಂಟಲಿಗೆ ಏನೋ ಸಿಕ್ಕಿಕೊಳ್ಳುತ್ತದೆ. ಯುರೋಪಿನಲ್ಲಿ ಸಂಧಾನವಾಯಿತೆಂಬ ಸುದ್ದಿ 1783ರ ಜೂನ್ ಕೊನೆಯಲ್ಲಿ ಬಂದದ್ದೇ ತಡ, ಫ್ರೆಂಚರು ಕೈ ತೊಳೆದುಕೊಂಡರು. ಆಗ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಅವನ ಜೊತೆಗಿದ್ದ ಫ್ರೆಂಚ್ ತುಕಡಿಯೂ ಯುದ್ಧದಿಂದ ಹಿಂದೆ ಸರಿಯಿತು. ಹೈದರ್ ಅಷ್ಟರಲ್ಲಿ ಇರಲಿಲ್ಲ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ಬೆನ್ನಿನ ಹುಣ್ಣಿನಿಂದ ತೀರಿಕೊಂಡಿದ್ದ. 1784ರ ಮಾರ್ಚ್ 11ರಂದು ಟಿಪ್ಪು ಒಬ್ಬನೇ ಮಂಗಳೂರಿನಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಂಡ. ಹದಿನೈದು ದಿನ ಕಳೆದು, ಮಾರ್ಚ್ 26ಕ್ಕೆ, 'ಎರೋ' ತೂಲೋನ್ ಬಂದರು ಸೇರಿತು. ಮೆರವಣಿಗೆ, ಜೈಕಾರ, ಬಿರುದು.

ಹೈದರನ ಜೊತೆ ಕೈಜೋಡಿಸಿದ ಫ್ರೆಂಚರಲ್ಲಿ ಎಲ್ಲರಿಗೂ ಇಂಥ ಅದೃಷ್ಟವಿರಲಿಲ್ಲ. ನಮ್ಮ ಕಂಟೋನ್ಮೆಂಟಿನ ಬಯಲಿನಿಂದ ನೋಡಿದರೆ ಎರಡು ಗುಡ್ಡ ಕಾಣುತ್ತವೆ: ಒಂದು ಕೋಟೆಯ ಬಳ್ಳಾರಿ ಗುಡ್ಡ, ಇನ್ನೊಂದು ಕುಂಬಾರ ಗುಡ್ಡ. ಬಳ್ಳಾರಿ ಗೆದ್ದ ಹೈದರ್ ಕೋಟೆಯನ್ನು ಹೊಸದಾಗಿ ಕಟ್ಟಿಸಲು ಫ್ರೆಂಚ್ ಎಂಜಿನಿಯರನೊಬ್ಬನನ್ನು ಇಟ್ಟುಕೊಂಡನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಎತ್ತರ. ಅಲ್ಲಿ ಫಿರಂಗಿ ಏರಿಸಿದರೆ ಕೋಟೆಯ ಕಥೆ ಮುಗಿಯಿತು. ಹೈದರ್ ಅವನನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದ ಎಂದು ಊರಿನಲ್ಲಿ ಹೇಳುತ್ತಾರೆ. ಅವನ ಗೋರಿಯೆಂದು ಮೂಡಣ ಬಾಗಿಲ ಬಳಿ ಒಂದನ್ನು ತೋರಿಸುವುದೂ ಉಂಟು. ಹೆಸರು ಮಾತ್ರ ಯಾರ ಬಾಯಲ್ಲೂ ಉಳಿದಿಲ್ಲ.

ಸ್ಯಾಂ-ತ್ರೊಪೆಯ ಒಳಗಿನ ಓಣಿಗಳಲ್ಲಿ ಅಲೆಯುವಾಗ ಇನ್ನೊಂದು ಸೋಜಿಗ ಸಿಕ್ಕಿತು: 'ಪಾನ್ ದೇಯಿ' ಎಂಬ ಹೆಸರಿನ ದುಬಾರಿ ಹೋಟೆಲು. ಪಂಜಾಬಿನ ರಣಜಿತ್ ಸಿಂಗನ ಸೇನೆಯಲ್ಲಿ ಜನರಲ್ ಆಗಿದ್ದ ಜಾನ್-ಫ್ರಾನ್ಸ್ವಾ ಅಲಾರ್ ಈ ಊರಿನವನು. ಚಂಬಾದ ತನ್ನ ಹೆಂಡತಿ ಬನ್ನೂ ಪಾನ್ ದೇಯಿಗಾಗಿ ಕಟ್ಟಿಸಿದ ಮನೆಯದು. ಅಲಾರ್ 1839ರಲ್ಲಿ ಪೇಶಾವರದಲ್ಲಿ ತೀರಿಕೊಂಡ. ಅವಳು ಉಳಿದದ್ದು ಇಲ್ಲಿ. ಬಾಗಿಲಲ್ಲಿ ದರಪಟ್ಟಿ ನೋಡಿ ನಾವು ಮುಂದೆ ನಡೆದೆವು.

ವಾಪಸು ಬರುವಾಗ ತೂಲೋನಿನಲ್ಲಿ ಇಳಿದೆವು. ಅಳಿಯನಿಗೆ ಅಲ್ಲಿನ ನೌಕಾ ವಸ್ತುಸಂಗ್ರಹಾಲಯದ ಹಡಗಿನ ಮಾದರಿಗಳು ಇಷ್ಟವಾದವು; ನನಗೆ ಬಂದರು ಸಾಕಾಗಿತ್ತು. 1788ರ ಜೂನ್‌ನಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಇಳಿದದ್ದು ಈ ನೀರಿನಿಂದಲೇ. ಅವರು ಪ್ಯಾರಿಸ್ಸಿಗೆ ಹೋದರೆ ಬೀದಿಯಲ್ಲಿ ಜನಜಾತ್ರೆ. ಅವರಲ್ಲಿ ದರ್ವೇಶ್ ಖಾನನನ್ನು ಎಲಿಝಬೆತ್ ವಿಜೆ ಲೆ ಬ್ರೂನ್ ಆಳೆತ್ತರಕ್ಕೆ ಚಿತ್ರಿಸಿದಳು: ಬಿಳಿ ಮಲ್ಲಿನ ಅಂಗಿ, ಬಿರುಸು ನೋಟ, ಕೈಯಲ್ಲಿ ಡೊಂಕು ಕತ್ತಿ. ಮುಗಿದ ಮೇಲೆ ಅವನು ಚಿತ್ರವನ್ನು ಮಂಚದ ಹಿಂದೆ ಅಡಗಿಸಿಟ್ಟನಂತೆ. 2019ರಲ್ಲಿ ಅದು ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮೇಲೆ ಹೋಯಿತು.

1788ರ ಆಗಸ್ಟ್ 10ರಂದು ವರ್ಸಾಯಿಯಲ್ಲಿ ಆ ರಾಯಭಾರಿಗಳಿಗೆ ಹದಿನಾರನೇ ಲೂಯಿಯ ಭೇಟಿಯಾಯಿತು. ಸುಫ್ರೆನ್ ಇನ್ನೂ ಬದುಕಿದ್ದ. ಅದೇ ಡಿಸೆಂಬರಿನಲ್ಲಿ ಸತ್ತ. ಟಿಪ್ಪು ಕೇಳಿದ್ದು ಸೈನ್ಯ. ಸಿಕ್ಕಿದ್ದು ಸೆವ್ರ್ ಕಾರ್ಖಾನೆಯ ಪಿಂಗಾಣಿ, ಒಂದಷ್ಟು ಕುಶಲಕರ್ಮಿಗಳು, ಹೂಗಿಡಗಳ ಬೀಜ.