ರುದ್ರಪ್ರಯಾಗದಲ್ಲಿ ಒಂದು ತೋಟಾ

ಹೃಷೀಕೇಶವನ್ನು ಬಿಟ್ಟ ಬಸ್ಸು ದೇವಪ್ರಯಾಗವನ್ನೂ ಗಢವಾಲದ ಶ್ರೀನಗರವನ್ನೂ ದಾಟಿ, ಸುಮಾರು 140 ಕಿಲೋಮೀಟರು ಬೆಟ್ಟದ ದಾರಿಯನ್ನು ಸವೆಸಿದ ಮೇಲೆ ರುದ್ರಪ್ರಯಾಗವನ್ನು ಮುಟ್ಟುತ್ತದೆ. ಬದರಿಯ ಕಡೆಯಿಂದ ಬರುವ ಅಲಕನಂದೆಗೂ ಕೇದಾರದ ಕಡೆಯಿಂದ ಬರುವ ಮಂದಾಕಿನಿಗೂ ಇಲ್ಲಿ ಸಂಗಮ. ಯಾತ್ರಿಕರು ನೀರನ್ನು ತಲೆಗೆ ಚಿಮುಕಿಸಿಕೊಂಡು, ಚಹ ಕುಡಿದು, ಮುಂದಿನ ಬಸ್ಸಿಗೆ ಅವಸರಪಡುತ್ತಾರೆ. ಊರಿನ ಅಂಚಿನ ಗುಲಾಬರಾಯ್ ಎಂಬಲ್ಲಿ ರಸ್ತೆಯ ಬದಿಗೆ ಒಂದು ಸ್ಮಾರಕ ನಿಂತಿದೆ. ಅದು ದೇವರದಲ್ಲ, ಶಿಕಾರಿ ಜಿಮ್ ಕಾರ್ಬೆಟ್ಟರದು. ನರಭಕ್ಷಕ ಚಿರತೆಯೊಂದನ್ನು ಅವರು ಕೊಂದ ಸ್ಥಳ ಇದು.

1918ರಿಂದ 1926ರ ವರೆಗೆ ಆ ಚಿರತೆ ಈ ಯಾತ್ರಾಮಾರ್ಗವನ್ನು ಆಳಿತು. ಸರಕಾರದ ದಾಖಲೆಯಂತೆ ಅದಕ್ಕೆ ಬಲಿಯಾದವರು 125 ಮಂದಿ. ಸಂಜೆಯಾಯಿತೆಂದರೆ ಹಳ್ಳಿಗಳ ಬಾಗಿಲುಗಳೆಲ್ಲ ಮುಚ್ಚುತ್ತಿದ್ದುವು. ಕಾರ್ಬೆಟ್ಟರ ಈ ಕಥೆಯನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವುದರಿಂದ ನಮ್ಮಲ್ಲಿಯೂ ಅನೇಕರು ಇದನ್ನು ಬಲ್ಲರು. ಆದರೆ ಕಾರ್ಬೆಟ್ಟರ ಕೈಯಲ್ಲಿದ್ದ ಕೋವಿ ಯಾವುದು, ಅದರೊಳಗಿನ ತೋಟಾ ಯಾವುದು ಎಂದು ವಿಚಾರಿಸಿದವರು ಕಡಿಮೆ.

ಹೊಸದಾಗಿ ಕೋವಿ ಮಾಡಿಸಿಕೊಳ್ಳುವವನು ಮರದ ಹಿಡಿಯನ್ನೂ ಕೆತ್ತನೆಯನ್ನೂ ಮೊದಲು ಯೋಚಿಸುವುದು ಸಹಜ. ಬಲ್ಲ ಕುಶಲಿಯಾದರೋ ಮೊದಲು ಕೇಳುವುದು ತೋಟಾವನ್ನು. ಗುಂಡು, ಮದ್ದು, ಕೇಪು ಇವೆಲ್ಲವನ್ನೂ ಹಿತ್ತಾಳೆಯ ಕೊಳವೆಯೊಂದರಲ್ಲಿ ಅಡಕಿಸಿದ ವಸ್ತು ಅದು. ನಳಿಗೆಯ ರಂಧ್ರ, ತೋಟಾ ಕೂರುವ ಗೂಡು, ಕೋವಿಯ ತೂಕ, ಹೆಗಲಿಗೆ ಬೀಳುವ ಒದೆತ ಎಲ್ಲವೂ ಅದನ್ನು ಅನುಸರಿಸುತ್ತವೆ. ಅಂಗಿಯ ಅಳತೆ ಮೈಯನ್ನು ಅನುಸರಿಸುವಂತೆ, ಕೋವಿಯ ಅಳತೆ ತೋಟಾವನ್ನು ಅನುಸರಿಸುತ್ತದೆ.

ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದುದಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜೆ. ಪಿ. ಹ್ಯೂಯೆಟ್ಟರು ಕಾರ್ಬೆಟ್ಟರಿಗೆ ಒಂದು ರೈಫಲನ್ನು ಬಹುಮಾನವಾಗಿ ಕೊಟ್ಟರು. ಅದನ್ನು ಮಾಡಿದವರು ಲಂಡನ್ನಿನ ಜಾನ್ ರಿಗ್ಬಿ ಕಂಪನಿಯವರು. ತೋಟಾ ಮಾತ್ರ ಜರ್ಮನಿಯ ಮೌಸರ್ ಕಾರ್ಖಾನೆಯ ಸೃಷ್ಟಿ. 1892ರಲ್ಲಿ ಸೈನ್ಯಕ್ಕಾಗಿ ಹುಟ್ಟಿದ್ದು. 7 ಮಿಲಿಮೀಟರು ನಳಿಗೆ, 57 ಮಿಲಿಮೀಟರು ಉದ್ದದ ಕೊಳವೆ. ಇಂಗ್ಲಿಷರು ಅದನ್ನು ಅಂಗುಲದ ಲೆಕ್ಕಕ್ಕೆ ತಿರುಗಿಸಿ .275 ಎಂದು ಕರೆದರು. ರಿಗ್ಬಿಯವರು ಪ್ರಸಿದ್ಧಿಗೆ ತಂದ 140 ಗ್ರೇನಿನ ಗುಂಡು ಸುಮಾರು 9 ಗ್ರಾಂ ತೂಗುತ್ತದೆ. ಕಾರ್ಬೆಟ್ಟರಲ್ಲಿ .450/400 ಜೋಡುನಳಿಗೆಯೂ ಇತ್ತು. ಅದರ ಗುಂಡಿನ ತೂಕ 400 ಗ್ರೇನು, ಎಂದರೆ 26 ಗ್ರಾಮಿಗೆ ಸಮೀಪ. ಮೂರು ಪಾಲಿಗೆ ಒಂದು ಪಾಲು!

ದೊಡ್ಡ ಗುಂಡೇ ಮೇಲಲ್ಲವೇ ಎಂದು ವಾಚಕರು ಕೇಳಬಹುದು. ಹುಲಿಯೋ ಕಾಡುಕೋಣವೋ ಎದುರು ಬಂದಾಗ ಆ ಮಾತು ನಿಜ. ಚಿರತೆ ಹಗುರ ಮೈಯ ಪ್ರಾಣಿ; .275ರ ಗುಂಡು ಅದಕ್ಕೆ ಧಾರಾಳವಾಗಿ ಸಾಕು. ಹಗುರ ಕೋವಿಯನ್ನು ಹೊತ್ತು ಏರನ್ನೂ ಇಳುಕಲನ್ನೂ ದಿನವೆಲ್ಲ ನಡೆಯಬಹುದು. ಒದೆತ ಸೌಮ್ಯವಾದ್ದರಿಂದ ಕುದುರೆಯನ್ನು ಎಳೆಯುವಾಗ ಬೆರಳು ಬೆದರುವುದಿಲ್ಲ. ಬೆರಳು ಬೆದರದಿದ್ದರೆ ಗುಂಡು ಗುರಿಗೆ ಹೋಗುತ್ತದೆ.

ಗುರಿ ತಪ್ಪಿದರೆ ಏನಾಗುವುದೆಂಬುದಕ್ಕೆ ಈ ಊರಿನಲ್ಲಿಯೇ ಸಾಕ್ಷಿ ಇದೆ. 1921ರಲ್ಲಿ ಇಬ್ಬರು ತರುಣ ಅಧಿಕಾರಿಗಳು ಅಲಕನಂದೆಯ ತೂಗುಸೇತುವೆಯ ಗೋಪುರಗಳ ಮೇಲೆ ರಾತ್ರಿಗಳನ್ನು ಕಳೆದು, ಇದೇ ಚಿರತೆಗೆ ಗುಂಡು ಹಾರಿಸಿದ್ದರು. ತಗುಲಿದ್ದು ಹಿಂಗಾಲಿನ ಪಾದಕ್ಕೆ ಮಾತ್ರ. ಚಿರತೆ ಬದುಕಿತು, ಮತ್ತೆ ಐದು ವರ್ಷ ಮನುಷ್ಯರನ್ನು ಕೊಂದಿತು. ಒಂದು ಗೇಣು ಆಚೀಚೆ ಆದ ಗುಂಡಿನ ಬೆಲೆಯನ್ನು ತೆತ್ತವರು, ಆ ಸೇತುವೆಯನ್ನೇ ಕಾಣದ ಎಷ್ಟು ಮಂದಿ ತಾಯಂದಿರೋ ಮಕ್ಕಳೋ!

1926ರ ಮೇ ತಿಂಗಳ ಮೊದಲಲ್ಲಿ ಗುಲಾಬರಾಯಿಯ ಮಾವಿನ ಮರದ ಮೇಲೆ ಕಾರ್ಬೆಟ್ಟರು ಕುಳಿತಿದ್ದರು. ಕೆಳಗೆ ಕೊರಳಗಂಟೆ ಕಟ್ಟಿದ ಮೇಕೆ. ಹತ್ತಿರದ ಛತ್ರದಲ್ಲಿ ಮಲಗಿದ ಯಾತ್ರಿಕರು. ಕತ್ತಲಿನಲ್ಲಿ ಗಂಟೆ ಜೋರಾಗಿ ನುಡಿಯಿತು. ಅವರು ಬ್ಯಾಟರಿ ದೀಪವನ್ನು ಒತ್ತಿ, ಚಿರತೆಯ ಭುಜವನ್ನು ಕಂಡು, ಒಂದೇ ಈಡು ಹಾರಿಸಿದರು. ಮರುಕ್ಷಣವೇ ದೀಪ ಆರಿಹೋಯಿತು. ಎರಡನೆಯ ಅವಕಾಶವೇ ಇರಲಿಲ್ಲ. ಬೆಳಗಾದ ಮೇಲೆ ನೋಡಿದರೆ, ಸ್ವಲ್ಪ ದೂರದಲ್ಲಿ ಮುದಿ ಚಿರತೆಯೊಂದು ಸತ್ತು ಬಿದ್ದಿತ್ತು. ಹಿಂಗಾಲಿನಲ್ಲಿ ಆ ಹಳೆಯ ಗಾಯದ ಕಲೆ ಇತ್ತು.

ಆ ರೈಫಲು ಈಗ ರಿಗ್ಬಿ ಕಂಪನಿಯವರ ಬಳಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ವಿನೋದದ ಶಿಕಾರಿಗೆ ನಮ್ಮ ದೇಶದಲ್ಲಿ ಎಡೆಯಿಲ್ಲ. ಅದು ಒಳ್ಳೆಯದೇ ಆಯಿತು. ಕಾರ್ಬೆಟ್ಟರೇ ಮುಂದೆ ಕೋವಿಗಿಂತ ಕ್ಯಾಮರಾವನ್ನು ಹೆಚ್ಚಾಗಿ ಮೆಚ್ಚಿದರು. ಆದರೂ ಪ್ರಾಣಿಯೊಂದು ಮನುಷ್ಯನ ಜೀವಕ್ಕೆ ಎರವಾದಾಗ, ಬೇರೆ ಉಪಾಯ ಸಾಗದಿದ್ದರೆ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅಪ್ಪಣೆ ಕೊಡುವ ಅಧಿಕಾರ ಇಂದಿಗೂ ಉಂಟು. ಆ ಅಪ್ಪಣೆಯನ್ನು ಪಡೆದು ಕಾಡಿಗೆ ಹೋಗುವವನ ಮುಂದೆ ಇಂದಿಗೂ ಹಳೆಯ ಪ್ರಶ್ನೆಯೇ ನಿಲ್ಲುತ್ತದೆ. ತನ್ನ ತೋಟಾ ಎಷ್ಟು ದೊಡ್ಡದೆಂದಲ್ಲ, ಅದನ್ನು ತಾನು ಎಲ್ಲಿ ನೆಡಬಲ್ಲೆನೆಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು. ಕೇದಾರಕ್ಕೆ ಹೋಗುವ ಕನ್ನಡಿಗರು ಗುಲಾಬರಾಯಿಯಲ್ಲಿ ಐದು ನಿಮಿಷ ಇಳಿಯಲಿ. ಅವರು ಈಗ ನಿರ್ಭಯವಾಗಿ ಸಾಗುವ ದಾರಿ ಅದೇ.