ಬಣ್ಣದ ಕೆಳಗಿನ ಗೆರೆ

ಆಷಾಢದ ಗಾಳಿ ಬೀಸುತ್ತಿದ್ದ ದಿನಗಳಲ್ಲಿ ನಮ್ಮ ಮನೆಯ ಶೆಡ್ಡಿಗೆ ಒಂದು ಹಳೆಯ ಗೋ-ಕಾರ್ಟ್ ಬಂತು. ಮೈಸೂರಿನ ಹೊರವಲಯದಲ್ಲಿ ಇಂಥ ಪುಟ್ಟ ಗಾಡಿಗಳನ್ನು ಬಾಡಿಗೆಗೆ ಓಡಿಸುತ್ತಿದ್ದವರು ಟ್ರ್ಯಾಕ್ ಮುಚ್ಚಿ, ಉಳಿದದ್ದನ್ನೆಲ್ಲ ಗುಜರಿಗೆ ಹಾಕುವವರಿದ್ದರು. ಅದರಲ್ಲೊಂದನ್ನು ನಾನು ಕೊಂಡು ತಂದೆ. ಮೈಮೇಲೆ ಕೆಂಪು, ಕೆಂಪು ಹಕ್ಕಳೆ ಎದ್ದ ಕಡೆ ನೀಲಿ, ನೀಲಿ ಕಿತ್ತ ಕಡೆ ಹಳದಿ. ಮೂರು ಸಲ ಹೊಸ ಬಟ್ಟೆ ತೊಡಿಸಿದ್ದಾರೆ, ಒಂದು ಸಲವೂ ಮೈ ತೊಳೆದಿಲ್ಲ ಅನ್ನಿಸಿತು.

ಇಂಥದನ್ನು ತಂದು, ರಿಪೇರಿ ಮಾಡಿ, ಬಣ್ಣ ಹೊಡೆದು ಮಾರುವುದು ನನ್ನ ಸಂಜೆಗಳ ಕೆಲಸ. ಎಸೆದ ವಸ್ತುವಿಗೂ ಈ ಗಾಡಿಗೂ ಹುಟ್ಟಿನಿಂದಲೇ ನಂಟು. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕರ್ಟಿಸ್ ಕ್ರಾಫ್ಟ್ ಎಂಬ ರೇಸ್ ಕಾರು ಕಂಪನಿಯಲ್ಲಿ ದುಡಿಯುತ್ತಿದ್ದ ಆರ್ಟ್ ಇಂಗಲ್ಸ್ ಮೊದಲ ಕಾರ್ಟ್ ಕಟ್ಟಿದಾಗ ಅದಕ್ಕೆ ಕೂರಿಸಿದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿ, ಖರ್ಚಾಗದೆ ಉಳಿದಿದ್ದ ಎಂಜಿನ್ನು. ಜರ್ಮನಿಯ ರೇಸ್ ಚಾಲಕ ಮೈಕೆಲ್ ಶೂಮಾಕರ್ ಆರನೇ ವಯಸ್ಸಿನಲ್ಲಿ ತನ್ನ ಕ್ಲಬ್ಬಿನ ಪಂದ್ಯ ಗೆದ್ದದ್ದು, ಬೇರೆಯವರು ಬಿಸಾಡಿದ ಬಿಡಿಭಾಗಗಳಿಂದ ಅಪ್ಪ ಕಟ್ಟಿಕೊಟ್ಟ ಕಾರ್ಟಿನಲ್ಲಿ. ಹಳೆಯದನ್ನು ಕೈಗೆತ್ತಿಕೊಂಡಾಗಲೆಲ್ಲ ಇವರಿಬ್ಬರ ನೆನಪು ನನಗೆ ಬಲ ಕೊಡುತ್ತದೆ.

ಗೋ-ಕಾರ್ಟಿಗೆ ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸಲ್ಲಿಗೆ ಕಚ್ಚಿಕೊಂಡಿರುವುದರಿಂದ ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ತಿರುವಿನಲ್ಲಿ ಒಳಗಿನ ಚಕ್ರ ನೆಲ ಬಿಟ್ಟು ಕೊಂಚ ಮೇಲೇಳದಿದ್ದರೆ ಗಾಡಿ ಸಲೀಸಾಗಿ ತಿರುಗುವುದಿಲ್ಲ. ಆ ಚಕ್ರ ಏಳಬೇಕಾದರೆ ಉಕ್ಕಿನ ಕೊಳವೆಯ ಚಾಸಿಯೇ ತಿರುಚಿಕೊಳ್ಳಬೇಕು. ಹೀಗೆ ಪ್ರತಿ ತಿರುವಿನಲ್ಲೂ ಮೈ ತಿರುಚಿ ದುಡಿಯುವ ಕಬ್ಬಿಣ ಎಲ್ಲೋ ಒಂದು ಕಡೆ ದಣಿಯುತ್ತದೆ, ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕಾರ್ಟ್ ಮಾರುವವನು ಮೊದಲು ಹುಡುಕಬೇಕಾದದ್ದು ಇದನ್ನು.

ಹುಡುಕುವ ದಾರಿ ಕಲಿಸಿದವರು ನಮ್ಮ ಪಕ್ಕದ ಬೀದಿಯ ಮಾಮ. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ನಾನು ಬಣ್ಣದ ಡಬ್ಬಿ ಮುಂದಿಟ್ಟುಕೊಂಡು ಕೂತದ್ದನ್ನು ನೋಡಿ, "ಬಣ್ಣ ಆಮೇಲೆ ಹೊಡೆಯೋವಂತೆ ಕಣಪ್ಪ. ಮೊದಲು ಅದರ ಮೂಳೆ ನೋಡು. ಮನೇಲಿ ಸೀಮೆಎಣ್ಣೆ ಇದೆಯಾ? ಸೀಮೆಸುಣ್ಣ?" ಅಂದರು.

ಹಳೇ ಬಣ್ಣವನ್ನೆಲ್ಲ ಕೆರೆದು, ಬೆಸುಗೆಗಳ ಸುತ್ತ ಸೀಮೆಎಣ್ಣೆ ಸವರಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿದರು. ಸಣ್ಣ ಸುತ್ತಿಗೆಯಿಂದ ಟಣ್ ಟಣ್ ಎಂದು ನಾಲ್ಕು ಸಲ ತಟ್ಟಿ, "ಈಗ ಕಾಫಿ ಕುಡಿದು ಬರೋಣ" ಅಂದರು. ಕುಡಿದು ಬರುವಷ್ಟರಲ್ಲಿ ಹಿಂದಿನ ಬೇರಿಂಗ್ ಕೂರುವ ಬ್ರ್ಯಾಕೆಟ್ಟಿನ ಬುಡದಲ್ಲಿ, ಬೆಳ್ಳನೆಯ ಪುಡಿಯ ಮೇಲೆ, ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ಒದ್ದೆ ಗೆರೆ ಮೂಡಿತ್ತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ಸುಣ್ಣ ಹೀರಿ ಮೇಲೆ ತಂದಿತ್ತು. ಬೆರಳೊಂದರ ಅರ್ಧದಷ್ಟು ಉದ್ದ. ಮೂರು ಬಣ್ಣಗಳ ಕೆಳಗೆ, ಅಷ್ಟೊಂದು ಮಕ್ಕಳನ್ನು ಹೊತ್ತು ಓಡುತ್ತಲೇ ಆ ಗೆರೆ ಬೆಳೆದಿತ್ತು. ನನಗೆ ಮೈ ಜುಮ್ಮೆಂದಿತು.

ಬಿರುಕು ಮುಂದಕ್ಕೆ ಓಡದಂತೆ ಎರಡೂ ತುದಿಗೆ ಸಣ್ಣ ತೂತು ಕೊರೆದು, ನಡುವೆ ಗ್ರೈಂಡರಿನಿಂದ ಕಾಲುವೆಯ ಹಾಗೆ ತೋಡಿ ವೆಲ್ಡಿಂಗ್ ಮಾಡಿಸಿದೆ. ವೆಲ್ಡಿಂಗ್ ಅಂಗಡಿಯ ಅಣ್ಣ, "ಮೇಲೊಂದು ಪಟ್ಟಿ ಇಟ್ಟು ಬೆಸೀತೀನಿ, ಗಟ್ಟಿ ಆಗುತ್ತೆ" ಅಂದರು. ಬೇಡವೆಂದೆ. ಒಂದು ಕಡೆ ಬಿಗಿ ಮಾಡಿದರೆ ತಿರುಚುವ ಭಾರ ಪಕ್ಕದ ಜಾಗದ ಮೇಲೆ ಬಿದ್ದು ಅಲ್ಲಿ ಬಿರಿಯುತ್ತದೆ.

ಎಂಜಿನ್ನು ಹೆಚ್ಚು ಕಾಡಲಿಲ್ಲ. ನೀರೆತ್ತುವ ಪಂಪಿಗೂ ಜೋಡಿಸುವ 163 ಸಿಸಿಯ ಹೋಂಡಾ ಅದು. ಹಳೇ ಪೆಟ್ರೋಲು ಅಂಟು ಕಟ್ಟಿದ್ದ ಕಾರ್ಬುರೇಟರ್ ತೊಳೆದು, ಹೊಸ ಪ್ಲಗ್ ಹಾಕಿ, 600 ಮಿಲಿಲೀಟರಿನಷ್ಟು ಆಯಿಲ್ ತುಂಬಿದ ಮೇಲೆ ಮೂರನೇ ಎಳೆತಕ್ಕೆ ಹೊತ್ತಿಕೊಂಡಿತು. ಚೈನು ಮತ್ತು ಆಕ್ಸಲ್ಲಿಗೆ ಮಾತ್ರ ಹೊಸದಾಗಿ ತಗಡಿನ ಕವಚ ಮಾಡಿಸಿದೆ. ತಿರುಗುವ ಆಕ್ಸಲ್ಲಿಗೆ ಕೂದಲು ಸಿಕ್ಕಿ ಪ್ರಾಣ ಹೋದದ್ದು ನಮ್ಮ ದೇಶದಲ್ಲೇ ಉಂಟು.

ಇನ್ನು ಬಣ್ಣ. ಮಳೆಯ ತೇವದಲ್ಲಿ ಸ್ಪ್ರೇ ಹೊಡೆದರೆ ಹೊಳಪಿನ ಮೇಲೆ ಮಂಜು ಕಟ್ಟುತ್ತದೆ. ಬಿಸಿಲಿಗಾಗಿ ಎರಡು ವಾರ ಕಾದೆ. ಬಿಸಿಲು ಬಿದ್ದ ದಿನ ಎಮೆರಿ ಪೇಪರಿನಲ್ಲಿ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಅವತ್ತೇ ಪ್ರೈಮರ್ ಹೊಡೆದೆ. ಬರಿಮೈ ಕಬ್ಬಿಣ ಒಂದು ರಾತ್ರಿ ಬಿಟ್ಟರೂ ತುಕ್ಕಿನ ಮಬ್ಬು ಬರುತ್ತದೆ. ಬೇಗ ಮಾರಾಟವಾಗುವುದು ಕೆಂಪು ಎಂದು ಎಲ್ಲರೂ ಹೇಳಿದರು. ನಾನು ಹೊಡೆದದ್ದು ತೆಳು ಬೂದಿ ಬಣ್ಣ, ತೆಳ್ಳಗೆ ಮೂರು ಕೋಟು. ತಿಳಿಬಣ್ಣದ ಮೇಲೆ ಬಿರುಕು ಎದ್ದರೆ ಕಪ್ಪು ಗೆರೆಯಾಗಿ ಬೇಗ ಕಣ್ಣಿಗೆ ಬೀಳುತ್ತದೆ.

ದಸರೆಯ ಹೊತ್ತಿಗೆ ಸಕಲೇಶಪುರದ ಕಡೆಯಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಕಾಫಿ ಒಣಗಿಸುವ ಕಣ ಸುಗ್ಗಿ ಮುಗಿದ ಮೇಲೆ ಖಾಲಿ ಇರುತ್ತದೆ, ಅಲ್ಲಿ ಓಡಿಸುತ್ತಾಳೆ ಅಂದರು. "ಕೆಂಪು ಹೊಡೆದಿದ್ರೆ ಇನ್ನೂ ಲಕ್ಷಣವಾಗಿರ್ತಿತ್ತಲ್ವಾ ಸರ್?" ಅಂತಲೂ ಕೇಳಿದರು. ಗಾಡಿಯನ್ನು ಪಕ್ಕಕ್ಕೆ ಎತ್ತಿ ನಿಲ್ಲಿಸಿ ಬೆಸೆದ ಜಾಗ ತೋರಿಸಿದೆ, ಸೀಮೆಎಣ್ಣೆಯ ಕತೆಯನ್ನೂ ಹೇಳಿದೆ. ಅವರು ಬಾಗಿ, ಬೆರಳಾಡಿಸಿ ನೋಡಿದರು. "ಹಾಗಾದ್ರೆ ಎರಡು ಸಾವಿರ ಇಳಿಸಿ" ಅಂದರು. ಇಳಿಸಿದೆ. ತೋರಿಸದೆ ಮಾರಿದ್ದರೆ ಆ ಎರಡು ಸಾವಿರ ನನ್ನ ಜೇಬಿನಲ್ಲಿರುತ್ತಿತ್ತು, ನಿದ್ದೆ ಇರುತ್ತಿರಲಿಲ್ಲ.

ಜೀಪಿಗೆ ಹೇರುವಾಗ ಹುಡುಗಿ ಹತ್ತಿರ ಬಂದು, "ಅಂಕಲ್, ಆ ಗೆರೆ ಮತ್ತೆ ಬಂದ್ರೆ ನಂಗೆ ಹೇಗೆ ಗೊತ್ತಾಗುತ್ತೆ?" ಅಂದಳು. ಎಣ್ಣೆ ಸವರಿ, ಒರೆಸಿ, ಸುಣ್ಣ ಉಜ್ಜುವ ಕ್ರಮವನ್ನು ಅವಳಿಗೆ ಬೆರಳಿಟ್ಟು ತೋರಿಸಿಕೊಟ್ಟೆ. ಮಾಮ ಕೊಟ್ಟಿದ್ದ ಸೀಮೆಸುಣ್ಣದ ಕಡ್ಡಿ ಇನ್ನೂ ಅರ್ಧ ಉಳಿದಿತ್ತು. ಅದನ್ನು ಇಸಿದುಕೊಂಡು ಅವಳು ಜೇಬಿಗೆ ಹಾಕಿಕೊಂಡಳು.